ಎಂಬತ್ತೈದು ಮಿಲಿಸೆಕೆಂಡು

ಕರೆ ಬಂದಾಗ ರಾತ್ರಿ ಹತ್ತೂವರೆ.
"ಪೆಟ್ಟಿಗೆ ಸುಳ್ಳು ಹೇಳುತ್ತಿದೆ, ಇಳಿದು ಬಾ"
ಎಂದಳು ಔಸ್ಟ್ರಾ, ಕೆಳಮನೆಯಾಕೆ.
ಎಪ್ಪತ್ತೊಂದು ವರ್ಷ. ಮನೆಯೊಳಗೂ ಪೆಡಲು ತುಳಿಯುವ
ತೆಳು ಅಟ್ಟೆಯ ಕರಿ ಷೂ.

ಕುಲ್ದೀಗಾದಲ್ಲಿ ಅದು ಮೀನು ನೆಗೆಯುವ ತಿಂಗಳು.
ವೆಂಟಾ ಹೊಳೆ ಆಳೆತ್ತರದಿಂದ ಊರಗಲಕ್ಕೆ ಬೀಳುವ ಸದ್ದು
ಕಿಟಕಿ ಮುಚ್ಚಿದರೂ ಒಳಗೇ.
ಪುಣ್ಯಕ್ಕೆ ನಮ್ಮ ವಾದ್ಯಕ್ಕೆ ಮೈಕು ಬೇಡ.
ಯಾರೋ ಎಲ್ಲೋ ಒಂದೊಂದೇ ಕೊಳವೆಯ ಉಸಿರು ಹಿಡಿದು
ಕಂಪ್ಯೂಟರಿಗೆ ತುಂಬಿದ್ದಾರೆ.
ಅವಳ ಇಗರ್ಜಿಯ ನಿಜ ಆರ್ಗನ್ನನ್ನು
ಮರದ ಹುಳು ತಿಂದು ಮೂರು ಚಳಿಗಾಲ ಆಯಿತು.

ತಕರಾರು ಇಮಾಂಟ್ಸನದು.
ಲಿಯೆಪಾಯಾದಲ್ಲಿ ಬ್ರೆಡ್ಡು ಬೇಯಿಸುತ್ತಾನೆ, ಮಂದ್ರದಲ್ಲಿ ಹಾಡುತ್ತಾನೆ.
ಮಗುವಿನ ನಾಮಕರಣಕ್ಕೆ ಇವಳ ಆರ್ಗನ್ ಮೇಲೆ ತನ್ನ ದನಿ ಕೂರಿಸಲು ಹೋಗಿ
ಬರೆದಿದ್ದ: ಅಕ್ಕಾ, ನೀನು ಬಸ್ಸು ಹಿಡಿಯಬೇಕಾ?

ಗ್ರಂಥಾಲಯದಲ್ಲಿ ಮುದುಕರಿಗೆ ಮೌಸು ಹಿಡಿಸುವವನು ನಾನು;
ಇಷ್ಟರಲ್ಲೇ ಊರಿಗೆ ಪಂಡಿತ.
ಮೊದಲು ಕಿವಿಯ ನಿಸ್ತಂತು ಹೆಡ್‌ಫೋನ್ ಕಿತ್ತು
ತಂತಿಯದನ್ನು ಸಿಕ್ಕಿಸಿದೆ.
ಡ್ರೈವರ್ ಬದಲಿಸಿದೆ. ಹಿನ್ನೆಲೆಯಲ್ಲಿ ಗೊಣಗುತ್ತಿದ್ದ
ಹವಾಮಾನದ ಕಿಟಕಿ, ಮೊಮ್ಮಗನ ಆಟ, ಎಲ್ಲ ಮುಚ್ಚಿದೆ.
ಬಫರ್ ಸಾವಿರದ ಇಪ್ಪತ್ತನಾಲ್ಕರಿಂದ ನೂರಿಪ್ಪತ್ತೆಂಟಕ್ಕೆ.
"ಈಗ ನುಡಿಸಿ."
ನುಡಿಸಿದಳು.
ಮೆಟ್ರೊನೋಮು ಟಕ್ ಎನ್ನುವ ಮೊದಲೇ ಸ್ವರ ಬಂದು ಕೂತಿತ್ತು.
ಇನ್ನಷ್ಟು ಇಳಿಸಿದೆ. ಇನ್ನಷ್ಟು ಮುಂಚೆ.
ಎತ್ತು ಏರಿಗೆಳೆದರೆ ಕೋಣ ನೀರಿಗೆ.

ಪರದೆಯ ಗೆರೆಗಳಿಗೆ ಕಣ್ಣು ತಾಗಿಸಿ ಅಳೆದೆ.
ಒಂದೊಂದು ಸ್ವರವೂ ಗೆರೆಗಿಂತ ಎಂಬತ್ತೈದು ಮಿಲಿಸೆಕೆಂಡು ಮೊದಲು.
ಎಂಬತ್ತು ಅಲ್ಲ, ತೊಂಬತ್ತೂ ಅಲ್ಲ.
ತಪ್ಪು ಇಷ್ಟು ನೆಟ್ಟಗಿರುತ್ತದೆಯೇ?

ಎಲ್ಲವನ್ನೂ ಗೆರೆಗೆ ಎಳೆದು ಕೂರಿಸುವ ಗುಂಡಿಯೊಂದಿದೆ.
ಬೆರಳು ಅದರ ಹತ್ತಿರ ಹೋಯಿತು.
ಮಣಿಕಟ್ಟಿನ ಮೇಲೆ ಪಟ್ಟೆಂದು ಹೊಡೆದಳು
(ಎಷ್ಟು ಮಕ್ಕಳಿಗೆ ಪಿಯಾನೋ ಕಲಿಸಿದ ಕೈಯೋ).
"ಅದನ್ನು ಒತ್ತಿದರೆ ನಾನು ಸತ್ತ ಹಾಗೆ ಕೇಳಿಸುತ್ತೆ."

ಚಹಾ ತಣ್ಣಗಾಯಿತು. ಏನೂ ತೋಚದೆ ಕೇಳಿದೆ:
ಅಲ್ಲಿ, ಇಗರ್ಜಿಯಲ್ಲಿ, ನೀವು ಎಲ್ಲಿ ಕೂರುತ್ತಿದ್ದಿರಿ?
"ಪೀಠದ ಪಕ್ಕ."
ಕೊಳವೆಗಳು?
"ಎದುರು ತುದಿಯ ಅಟ್ಟದ ಮೇಲೆ. ನೆಲ ಒರೆಸುವ ಆಲೀಡಾ
ಒಮ್ಮೆ ಹೆಜ್ಜೆ ಹಾಕಿ ಎಣಿಸಿದ್ದಳು. ನಲವತ್ತು."

ನಲವತ್ತು ಹೆಜ್ಜೆ. ಹತ್ತಿರ ಹತ್ತಿರ ಇಪ್ಪತ್ತೊಂಬತ್ತು ಮೀಟರು.
ಸದ್ದಿಗೆ ಅಷ್ಟು ದೂರ ನಡೆಯಲು ಬೇಕಾದ ಹೊತ್ತನ್ನು
ಫೋನಿನಲ್ಲಿ ಲೆಕ್ಕ ಹಾಕಿ
ಅವಳಿಗೆ ತೋರಿಸಿದೆ.
ಕನ್ನಡಕ ಏರಿಸಿ ಓದಿದಳು. ಇಳಿಸಿದಳು. ಏನೂ ಅನ್ನಲಿಲ್ಲ.
ಕೈಗಳನ್ನು ಮಾತ್ರ ಮಡಿಲಲ್ಲಿ ತಿರುಗಿಸಿ ನೋಡಿಕೊಂಡಳು,
ಮೂವತ್ತೆಂಟು ವರ್ಷ ಹೇಳದೆ ಕೇಳದೆ
ಮುಂಚಿತವಾಗಿ ಹೊರಟು ಹೋಗುತ್ತಿದ್ದವನ್ನು.

ಆಮೇಲೆ ನಾನು ಮಾಡಿದ್ದು ಯಾವ ಕೈಪಿಡಿಯಲ್ಲೂ ಇರಲಾರದು.
ಬಫರನ್ನು ಸಿಗುವಷ್ಟು ದೊಡ್ಡದಕ್ಕೆ ಏರಿಸಿದೆ: ನಾಲ್ಕು ಸಾವಿರದ ತೊಂಬತ್ತಾರು.
ಒತ್ತಿದ ಮೇಲೆ ಸದ್ದು ನಡೆದುಕೊಂಡು ಬರಲಿ.
ದಾಖಲಾದ ಟ್ರ್ಯಾಕನ್ನು ಮಾತ್ರ ಅಷ್ಟೇ ಹಿಂದಕ್ಕೆ ತಳ್ಳಿದೆ,
ಕೇಳುವವರು ಅಟ್ಟದ ಕೆಳಗೇ ಕೂತಂತೆ.

ನುಡಿಸಿದಳು. ಒತ್ತುವುದು, ಮತ್ತೆ ಆ ಖಾಲಿ,
ಮತ್ತೆ ಸ್ವರ.
ಆ ಖಾಲಿಯಲ್ಲಿ ಅವಳ ಗಲ್ಲ ತುಸು ಮೇಲೆದ್ದಿತು,
ಕೋಣೆಯ ಗೋಡೆ ಇರುವ ಕಡೆ
ಇನ್ನೂ ಉದ್ದಕ್ಕೆ ಏನೋ ಇರುವ ಹಾಗೆ.

ಇಮಾಂಟ್ಸ್ ಬರೆದ: ಈಗ ಸರಿ. ಬಸ್ಸು ತಪ್ಪಿತಾ?

ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕಳು, ಕೈಯಲ್ಲಿ ಹಾಲು.
ನಾನಿನ್ನೂ ಬಾಯಿ ತೆರೆದಿರಲಿಲ್ಲ,
"ಚೆನ್ನಾಗಿದ್ದೇನೆ" ಅಂದಳು.